ಅಚ್ಚಿಗೆ ಸಿಗದ ಸದ್ದು

1961ರಲ್ಲಿ ಇಂಗ್ಲೆಂಡಿನ ಎಸಿ ಕಾರ್ಸ್ ಕಂಪನಿ ಪೇಚಿಗೆ ಸಿಕ್ಕಿತು. ಅದರ 'ಏಸ್' ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಎಂಜಿನ್ ಒದಗಿಸುತ್ತಿದ್ದ ಬ್ರಿಸ್ಟಲ್ ಕಂಪನಿ ಆ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತ್ತು. ಆಗ ಅಮೆರಿಕದಿಂದ ಒಂದು ಕಾಗದ ಬಂತು. ಬರೆದವರು ಕ್ಯಾರೊಲ್ ಶೆಲ್ಬಿ. ಒಂದು ಕಾಲಕ್ಕೆ ಕೋಳಿ ಸಾಕಿ ಕೈಸುಟ್ಟುಕೊಂಡವರು, 1959ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸು ಗೆದ್ದವರು, ಹೃದ್ರೋಗದಿಂದ ರೇಸು ಬಿಟ್ಟವರು. ಏಸ್‌ನ ಹಗುರ ಮೈಯೊಳಗೆ ಅಮೆರಿಕದ ವಿ8 ಎಂಜಿನ್ ಕೂರಿಸಬಹುದೇ ಎಂದು ಅವರು ಕೇಳಿದ್ದರು. ಎಂಜಿನ್ ಕೊಡಲು ಫೋರ್ಡ್ ಒಪ್ಪಿತು. 1962ರಲ್ಲಿ ಕೋಬ್ರಾ ರಸ್ತೆಗಿಳಿಯಿತು.

ಆ ದಶಕ ಮುಗಿಯುವ ಮೊದಲೇ ತಯಾರಿಕೆ ನಿಂತೂ ಹೋಯಿತು. ಬಂದದ್ದು ಒಟ್ಟು ಸುಮಾರು 1000 ಕಾರು. ಮೊಟ್ಟಮೊದಲ ಕೋಬ್ರಾ 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು.

ಅಸಲು ಕೈಗೆಟುಕದಾಗ ನಕಲಿನ ಅಂಗಡಿ ತೆರೆಯುತ್ತದೆ. ಫೈಬರ್ ಗ್ಲಾಸ್ ಅಚ್ಚೊಂದಿದ್ದರೆ ಕೋಬ್ರಾದ ಉಬ್ಬು ತಗ್ಗುಗಳನ್ನು ಬೇಕಾದಷ್ಟು ಸಲ ತೆಗೆಯಬಹುದು. 1995ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಫ್ಯಾಕ್ಟರಿ ಫೈವ್, ಹಳೆಯ ಫೋರ್ಡ್ ಮಸ್ಟ್ಯಾಂಗ್ ಕಾರು ಬಿಚ್ಚಿ ಅದರ ಎಂಜಿನ್ ಮತ್ತು ಗೇರ್‌ಬಾಕ್ಸ್ ಹಾಕಿಕೊಳ್ಳುವಂಥ ಕಿಟ್ ಮಾರತೊಡಗಿತು. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ಸೂಪರ್‌ಫಾರ್ಮೆನ್ಸ್ ಹೆಸರಿನ ಕಾರುಗಳು ತಯಾರಾದವು. ಯೂಟಾದ ಕರ್ಕಮ್ ಕಂಪನಿ ಇನ್ನೂ ದೂರ ಹೋಯಿತು. ಸೋವಿಯತ್ ಕಾಲದಲ್ಲಿ ಮಿಗ್ ಯುದ್ಧವಿಮಾನ ಕಟ್ಟುತ್ತಿದ್ದ ಪೋಲೆಂಡಿನ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಮೈಗಳನ್ನು ಮಾಡಿಸಿತು. ಇಂದು ಅಸಲಿ ಕೋಬ್ರಾಗಳಿಗಿಂತ ನಕಲಿಗಳ ಸಂಖ್ಯೆಯೇ ಎಷ್ಟೋ ಪಟ್ಟು ಹೆಚ್ಚು.

ಕಣ್ಣನ್ನು ಹೀಗೆ ನಂಬಿಸಬಹುದು. ಕಿವಿಯ ಮಾತು ಬೇರೆ.

1965ರಲ್ಲಿ 7 ಲೀಟರಿನ ಕೋಬ್ರಾವನ್ನು ರೇಸಿಗಿಳಿಸಲು ನಿಯಮದ ಪ್ರಕಾರ 100 ಕಾರು ಕಟ್ಟಿರಬೇಕಿತ್ತು. ಅಷ್ಟು ಆಗಲಿಲ್ಲ. ಕಟ್ಟಿ ಉಳಿದಿದ್ದ 31 ರೇಸು ಕಾರುಗಳನ್ನು ರಸ್ತೆಗೆ ಹೊಂದಿಸಿ ಮಾರಿದರು. ಬಹುಪಾಲು ನಕಲುಗಳಿಗೆ ಇವೇ ಮಾದರಿ. ಇವುಗಳ ಗುರುತು ಬಾಗಿಲ ಕೆಳಗೆ ಹಾದುಹೋಗುವ ದಪ್ಪ ಸೈಡ್ ಪೈಪು. ಎಂಜಿನ್ನಿನ ಒಂದು ಸಾಲಿನ ನಾಲ್ಕು ಪೈಪುಗಳು ಮುಂಚಕ್ರದ ಹಿಂದಿನ ಕಿಂಡಿಯಿಂದ ಹೊರಬಂದು ಅದರಲ್ಲಿ ಒಂದಾಗುತ್ತವೆ. ಇಳಿಯುವಾಗ ಮೀನಖಂಡ ತಾಗಿತೋ, ಬೊಬ್ಬೆ ಗ್ಯಾರಂಟಿ. ಮಾಲೀಕರು ಅದನ್ನು 'ಹಾವು ಕಚ್ಚಿತು' ಎಂದೇ ಹೇಳುತ್ತಾರೆ.

ಆ ಎಂಜಿನ್ನಿನ ಸಿಲಿಂಡರುಗಳು 1-5-4-2-6-3-7-8ರ ಕ್ರಮದಲ್ಲಿ ಉರಿಯುತ್ತವೆ. 1ರಿಂದ 4 ಬಲಸಾಲು, 5ರಿಂದ 8 ಎಡಸಾಲು. 4 ಮತ್ತು 2 ಬೆನ್ನುಬೆನ್ನಿಗೆ ಉರಿದಾಗ ಬಲಪೈಪಿಗೆ ಎರಡು ಹೊಡೆತ ಒಟ್ಟೊಟ್ಟಿಗೆ ಬೀಳುತ್ತದೆ. 7 ಮತ್ತು 8 ಉರಿದಾಗ ಎಡಪೈಪಿಗೆ. ತಾಳ ತಪ್ಪಿದ ಈ ಹೊಡೆತವೇ ಕೋಬ್ರಾದ ಗುಡುಗುಡು ಸದ್ದು.

ರೇಸಿನವರಿಗೆ ತಾಳ ಸರಿಯಾಗಬೇಕಿತ್ತು. ಹೊಡೆತಗಳು ಸಮ ಅಂತರದಲ್ಲಿ ಬಂದರೆ ಹೊಗೆ ಸಲೀಸಾಗಿ ಹೊರಹೋಗುತ್ತದೆ. 1966ರಿಂದ 1969ರವರೆಗೆ ಸತತವಾಗಿ ಲೆ ಮಾನ್ಸ್ ಗೆದ್ದ ಫೋರ್ಡ್ ಜಿಟಿ40ಯಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದಿತ್ತು, ಮೇಲೆ ಜಾಗವೂ ಇತ್ತು. ಒಂದು ಸಾಲಿನ ಎರಡು ತುದಿಯ ಪೈಪುಗಳನ್ನು ಇನ್ನೊಂದು ಸಾಲಿನ ನಡುವಿನ ಎರಡರ ಜೊತೆ ಸೇರಿಸಿದರು. ಎಂಟೂ ಪೈಪುಗಳು ಒಂದರ ಮೇಲೊಂದು ಹಾದು ಹೆಣೆದುಕೊಂಡವು. ಗುಡುಗುಡು ಹೋಗಿ ಏರುದನಿಯ ಕೂಗು ಬಂತು. ಇಂಗ್ಲಿಷಿನಲ್ಲಿ ಈ ಹೆಣಿಗೆಗೆ 'ಹಾವುಗಳ ಕಟ್ಟು' ಎಂಬ ಹೆಸರು ಬಂತು.

ಜಿಟಿ40 ನಕಲು ಕಟ್ಟುವವರ ಬೆವರಿಳಿಯುವುದೂ ಇಲ್ಲೇ. ಎಂಟು ಪೈಪುಗಳ ಉದ್ದ ಆದಷ್ಟು ಸಮನಾಗಿರಬೇಕು, ಬೆಂಕಿಯಂಥ ಬಿಸಿ ಕಾರ್ಬುರೇಟರಿಗೆ ತಟ್ಟಬಾರದು, ಸ್ಪಾರ್ಕ್ ಪ್ಲಗ್ ಬಿಚ್ಚಲು ಕೈ ತೂರಬೇಕು. ಅನೇಕರು ಹಳೆಯ 289 ಘನ ಇಂಚಿನ ಎಂಜಿನ್ ಬದಲು ಫೋರ್ಡಿನದೇ 351 ಘನ ಇಂಚಿನ ಎಂಜಿನ್ ಹಾಕುತ್ತಾರೆ. ಅದರ ಬ್ಲಾಕ್ ಎತ್ತರವಾದ್ದರಿಂದ ಎರಡು ಸಾಲುಗಳ ನಡುವಿನ ಅಂತರವೂ ಹೆಚ್ಚು. ಹಳೆಯ ಅಳತೆಯ ಪೈಪು ಕೂರುವುದಿಲ್ಲ. ಹೊಸದಾಗಿ ಬಗ್ಗಿಸಿ ವೆಲ್ಡ್ ಮಾಡಲೇಬೇಕು.

ಇದೀಗ ಕಾನೂನೂ ಪೈಪಿನೊಳಗೆ ಬಂದಿದೆ. ಅಮೆರಿಕ 2015ರಲ್ಲಿ ಮಾಡಿ, ವರ್ಷಗಳ ನಂತರ ನಿಯಮ ಹೊರಡಿಸಿದ ಕಾಯ್ದೆಯ ಪ್ರಕಾರ, ಕನಿಷ್ಠ 25 ವರ್ಷ ಹಳೆಯ ಕಾರನ್ನು ಹೋಲುವ ಗರಿಷ್ಠ 325 ಕಾರುಗಳನ್ನು ಒಂದು ಸಣ್ಣ ಕಂಪನಿ ವರ್ಷಕ್ಕೆ ಪೂರ್ತಿ ಜೋಡಿಸಿಯೇ ಮಾರಬಹುದು. ಆದರೆ ಎಂಜಿನ್ ಮಾತ್ರ ಇಂದಿನ ಹೊಗೆ ನಿಯಮಕ್ಕೆ ಒಳಪಡಬೇಕು. ಹಾಗಾಗಿ ಅರವತ್ತರ ದಶಕದ ಮೈಯ ಕೆಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಜಾಗ ಹುಡುಕುವುದು ಈ ಕಸುಬಿನವರ ಈಗಿನ ಕೆಲಸ.