ಹೆದ್ದಾರಿಯಗಲದ ಕ್ಷೇತ್ರ

ಡರ್ಹಮ್‌ನಿಂದ ಶಾರ್ಲೆಟ್‌ಗೆ ಹೋಗುವ ಐ-85 ನಾನು ಆಗಾಗ ಓಡಾಡುವ ದಾರಿ. 1992ರಲ್ಲಿ ನಾರ್ತ್ ಕೆರೊಲಿನಾದ ಶಾಸನಸಭೆ ಈ ರಸ್ತೆಯ ಗುಂಟ ಸುಮಾರು 160 ಮೈಲಿ ಉದ್ದದ ಸಂಸತ್ ಕ್ಷೇತ್ರವೊಂದನ್ನು ಎಳೆದಿತ್ತು. ಅದೇ 12ನೇ ಕ್ಷೇತ್ರ. ಕೆಲವೆಡೆ ಅದರ ಅಗಲ ಹೆದ್ದಾರಿಯಷ್ಟೇ. ಕಾರಿನ ಎರಡೂ ಬಾಗಿಲು ತೆರೆದುಕೊಂಡು ಓಡಿಸಿದರೆ ಕ್ಷೇತ್ರದ ಬಹುಪಾಲು ಜನ ಸತ್ತೇಹೋದಾರು ಎಂಬರ್ಥದಲ್ಲಿ ಶಾಸಕರೊಬ್ಬರು ಮಾಡಿದ ತಮಾಷೆ ಸುಪ್ರೀಂ ಕೋರ್ಟಿನ ತೀರ್ಪಿನೊಳಗೂ ಸೇರಿಕೊಂಡಿದೆ.

ನಗುವ ಮುನ್ನ ಕಾರಣ ಕೇಳಬೇಕು. ರಾಜ್ಯದ ಐವರಲ್ಲಿ ಒಬ್ಬರು ಕಪ್ಪು ಜನಾಂಗದವರು. ಆದರೂ 1901ರಲ್ಲಿ ಜಾರ್ಜ್ ಹೆನ್ರಿ ವೈಟ್ ಅವಧಿ ಮುಗಿಸಿ ಹೊರಬಿದ್ದ ಮೇಲೆ ತೊಂಬತ್ತು ವರ್ಷ ಅವರ ಪೈಕಿ ಒಬ್ಬರೂ ಇಲ್ಲಿಂದ ವಾಷಿಂಗ್ಟನ್ನಿಗೆ ಆಯ್ಕೆಯಾಗಲಿಲ್ಲ. 1990ರ ಜನಗಣತಿಯಿಂದ ರಾಜ್ಯದ ಸ್ಥಾನಗಳು 11ರಿಂದ 12ಕ್ಕೆ ಏರಿದವು. ಕಪ್ಪು ಮತದಾರರು ಹೆಚ್ಚಿರುವ ಒಂದೇ ಕ್ಷೇತ್ರವಿದ್ದ ಮೊದಲ ನಕ್ಷೆಗೆ ಕೇಂದ್ರದ ನ್ಯಾಯ ಇಲಾಖೆ ಒಪ್ಪಲಿಲ್ಲ. ಹಾಗೆ ಹುಟ್ಟಿದ ಅಂಥ ಎರಡನೆಯದೇ ಈ ಉದ್ದನೆಯ ಕ್ಷೇತ್ರ. 1992ರ ಚುನಾವಣೆಯಲ್ಲಿ 1ನೇ ಕ್ಷೇತ್ರದಿಂದ ಈವಾ ಕ್ಲೇಟನ್, 12ರಿಂದ ಮೆಲ್ ವಾಟ್ ಗೆದ್ದರು.

ಆಮೇಲೆ ಶುರುವಾಯಿತು ಕೋರ್ಟು ಅಲೆದಾಟ. 1993ರ ಶಾ ವಿರುದ್ಧ ರೆನೊ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದರ ಆಕಾರವನ್ನೇ ಪ್ರಶ್ನಿಸಿತು. 1996ರಲ್ಲಿ ಕ್ಷೇತ್ರವನ್ನು ಅಸಿಂಧುಗೊಳಿಸಿತು. ತಿದ್ದಿದ ಗೆರೆಗೆ 2001ರಲ್ಲಿ ಒಪ್ಪಿತು. 2011ರಲ್ಲಿ ಬಹುಮತದಲ್ಲಿದ್ದ ರಿಪಬ್ಲಿಕನ್ನರು ಅದೇ ಕ್ಷೇತ್ರಕ್ಕೆ ಇನ್ನಷ್ಟು ಕಪ್ಪು ಮತದಾರರನ್ನು ತುಂಬಿದರು. ಹೆಚ್ಚಾಗಿ ಡೆಮಾಕ್ರಟರಿಗೆ ಬೀಳುವ ಆ ಮತಗಳೆಲ್ಲ ಒಂದೇ ಕಡೆ ಗುಡ್ಡೆ ಬಿದ್ದರೆ ಅಕ್ಕಪಕ್ಕದ ಕ್ಷೇತ್ರಗಳು ರಿಪಬ್ಲಿಕನ್ನರಿಗೆ ಸಲೀಸು. ದನಿ ಕೊಡಲು ಎಳೆದ ಗೆರೆಯೇ ದನಿಯನ್ನು ಕಟ್ಟಿಹಾಕುವುದಕ್ಕೂ ಒದಗಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ತಳ್ಳಿಹಾಕಿತು.

ಅಷ್ಟರಲ್ಲಿ ಆಟದ ವರಸೆ ಬದಲಾಗಿತ್ತು. 2016ರಲ್ಲಿ ಗೆರೆ ಎಳೆದವರು ಬಣ್ಣ ನೋಡಿಲ್ಲ, ಪಕ್ಷ ನೋಡಿದ್ದೇವೆ ಎಂದು ಬಹಿರಂಗವಾಗಿಯೇ ಹೇಳಿದರು. ಗ್ರೀನ್ಸ್‌ಬರೊದಲ್ಲಿ ಕಪ್ಪು ವಿದ್ಯಾರ್ಥಿಗಳೇ ಹೆಚ್ಚಿರುವ ಎ ಅಂಡ್ ಟಿ ವಿಶ್ವವಿದ್ಯಾಲಯದ ಆವರಣ ನಡುವೆಯೇ ಸೀಳಿಹೋಗಿ, ಒಂದು ಪಾಲು 6ನೇ ಕ್ಷೇತ್ರಕ್ಕೆ, ಇನ್ನೊಂದು 13ಕ್ಕೆ ಬಿತ್ತು. ಪಕ್ಷದ ಲೆಕ್ಕಾಚಾರ ತನ್ನ ಕಕ್ಷೆಗೆ ಬರುವುದಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಕೈತೊಳೆದುಕೊಂಡಿತು.

ಗೆರೆ ಬದಲಾಗುವುದು ಭಾರತದಲ್ಲೂ ಉಂಟು. ನಮ್ಮೂರು ಚನ್ನಪಟ್ಟಣ. 2008ರ ಮರುವಿಂಗಡಣೆಯಲ್ಲಿ ನಮ್ಮ ಕನಕಪುರ ಲೋಕಸಭಾ ಕ್ಷೇತ್ರವೇ ಮಾಯವಾಗಿ ಬೆಂಗಳೂರು ಗ್ರಾಮಾಂತರ ಬಂದಾಗ ಗೊಣಗಿದವರುಂಟು. ಆದರೆ ಅಲ್ಲಿ ಆ ಕೆಲಸ ನಿವೃತ್ತ ನ್ಯಾಯಮೂರ್ತಿಯೊಬ್ಬರ ಆಯೋಗದ್ದು. ಇಲ್ಲಿ, ನಾರ್ತ್ ಕೆರೊಲಿನಾದಲ್ಲಿ, ಗೆಲ್ಲಬೇಕಾದ ಪಕ್ಷಗಳೇ ಗೆರೆ ಎಳೆಯುತ್ತವೆ, ಗವರ್ನರ್ ಸಹಿಯೂ ಬೇಕಿಲ್ಲ. 2022ರಲ್ಲಿ ಕೋರ್ಟು ಕೊಟ್ಟ ನಕ್ಷೆಯಲ್ಲಿ ಎರಡೂ ಪಕ್ಷಗಳಿಗೆ 7-7 ಸ್ಥಾನ ಬಂದಿದ್ದವು. ಶಾಸನಸಭೆ ಮತ್ತೆ ತಿದ್ದಿದ ಮೇಲೆ, 2024ರಲ್ಲಿ, ರಿಪಬ್ಲಿಕನ್ನರಿಗೆ 10, ಡೆಮಾಕ್ರಟರಿಗೆ 4. ಅದೇ ಮತದಾರರು ಅದೇ ದಿನ ಗವರ್ನರ್ ಹುದ್ದೆಗೆ ಡೆಮಾಕ್ರಟ್ ಒಬ್ಬರನ್ನು ಗೆಲ್ಲಿಸಿದ್ದರು. 2025ರ ಅಕ್ಟೋಬರಿನಲ್ಲಿ ಈವಾ ಕ್ಲೇಟನ್ ಗೆದ್ದಿದ್ದ 1ನೇ ಕ್ಷೇತ್ರದ ಗೆರೆಯನ್ನೂ ಶಾಸನಸಭೆ ಬದಲಾಯಿಸಿತು. ಮುಂದಿನ ಜನಗಣತಿಗೆ ಇನ್ನೂ ಸುಮಾರು ನಾಲ್ಕೂವರೆ ವರ್ಷವಿತ್ತು.