ಗವರ್ನರ್ ಅಲ್ಲ, ಸಿಎಂ ಕೂಡ ಅಲ್ಲ: ಕುಮಾರಸ್ವಾಮಿ ಲೇಔಟ್ ಮತದಾರ ಹೋಲಿಸಬೇಕಾದ್ದು ಯಾರನ್ನ?

ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಗವರ್ನರನ್ನು ಜನರೇ ನೇರವಾಗಿ ಆರಿಸ್ತಾರೆ. ಇಬ್ಬರು ಪ್ರಮುಖ ಅಭ್ಯರ್ಥಿಗಳನ್ನು ಪಕ್ಕಪಕ್ಕ ನಿಲ್ಲಿಸಿ ತೆರಿಗೆ, ಶಾಲೆ, ಆರೋಗ್ಯ ಅಂತ ಒಂದೊಂದೇ ವಿಷಯದಲ್ಲಿ ತೂಗುವ ಪಟ್ಟಿಗಳು ಅಲ್ಲಿನ ಪತ್ರಿಕೆಗಳಲ್ಲಿ ಬರ್ತಾವೆ. ಅಲ್ಲಿರುವ ಕನ್ನಡದವರು "ನಿಮ್ಮಲ್ಲಿ ಇಂಥದ್ದು ಯಾಕಿಲ್ಲ?" ಅಂತ ಕೇಳೋದುಂಟು. ನಮ್ಮಲ್ಲಿ ರಾಜ್ಯಪಾಲರನ್ನು ಸಂವಿಧಾನದ 155ನೇ ವಿಧಿಯ ಪ್ರಕಾರ ರಾಷ್ಟ್ರಪತಿ ನೇಮಿಸ್ತಾರೆ. ಮುಖ್ಯಮಂತ್ರಿಯನ್ನೂ ನಾವು ನೇರವಾಗಿ ಆರಿಸೋದಿಲ್ಲ. ನಮ್ಮ ಕೈಯಲ್ಲಿರೋದು ನಮ್ಮ ಕ್ಷೇತ್ರದ ಶಾಸಕರನ್ನು ಆರಿಸುವ ಒಂದು ಮತ. ಆದರೂ ಚುನಾವಣೆ ಬಂದಾಗ ನಾವು ಹೋಲಿಸೋದು ಮುಖ್ಯಮಂತ್ರಿ ಅಥವಾ ಪ್ರಧಾನಿಯ ಮುಖಗಳನ್ನ. ಮತಯಂತ್ರದಲ್ಲಿ ಹೆಸರಿರುವವರನ್ನು ಹೋಲಿಸುವ ಕೆಲಸ ಬಾಕಿ ಉಳಿಯುತ್ತೆ.

ನಾನು ಕುಮಾರಸ್ವಾಮಿ ಲೇಔಟಿನ ಮತದಾರ. ಆ ಬಾಕಿ ಕೆಲಸವನ್ನು ನಾನು ಹೇಗೆ ಮಾಡ್ತೀನಿ, ಅದಕ್ಕೆ ಬೇಕಾದ ಮಾಹಿತಿ ಎಲ್ಲಿ ಸಿಗುತ್ತೆ ಅಂತ ಇಲ್ಲಿ ಬರೆದಿದ್ದೀನಿ.

ಮುಖ ನೋಡಿ ಹಾಕಿದ ಮತಕ್ಕೆ ಏನಾಯ್ತು?

2018ರ ವಿಧಾನಸಭೆಯನ್ನೇ ತಗೊಳ್ಳಿ. ಜನ ಮತ ಹಾಕಿದ್ದು ಒಂದೇ ಸಲ. ಆ ಐದು ವರ್ಷದಲ್ಲಿ ಮೇ 17ರಿಂದ ಮೂರು ದಿನ ಬಿ.ಎಸ್. ಯಡಿಯೂರಪ್ಪ, ಮೇ 23ರಿಂದ ಎಚ್.ಡಿ. ಕುಮಾರಸ್ವಾಮಿ, 2019ರ ಜುಲೈನಿಂದ ಮತ್ತೆ ಯಡಿಯೂರಪ್ಪ, 2021ರ ಜುಲೈನಿಂದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಗಳಾದರು. ನಡುವೆ ಆಡಳಿತ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು, ಅನರ್ಹರಾಗಿ, 2019ರ ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೀತು. ನಮ್ಮ ನಗರದ ಯಶವಂತಪುರ, ಕೆ.ಆರ್. ಪುರ, ಮಹಾಲಕ್ಷ್ಮಿ ಲೇಔಟ್, ಶಿವಾಜಿನಗರ ಆ ಪಟ್ಟಿಯಲ್ಲಿದ್ದವು.

2023ರಲ್ಲಿ ಕಾಂಗ್ರೆಸ್‌ಗೆ 135 ಸೀಟು ಬಂದದ್ದು ಮೇ 13ರಂದು. ಸಿದ್ದರಾಮಯ್ಯನವರೋ ಡಿ.ಕೆ. ಶಿವಕುಮಾರರೋ ಅನ್ನೋದು ತೀರ್ಮಾನವಾಗಿದ್ದು ದಿಲ್ಲಿಯ ಸಭೆಗಳಲ್ಲಿ, ಪ್ರಮಾಣವಚನ ಆಗಿದ್ದು ಮೇ 20ಕ್ಕೆ. ಆ ಸ್ಪರ್ಧೆಯಲ್ಲಿ ನಮಗೆ ಮತವೇ ಇರಲಿಲ್ಲ. ಸರ್ಕಾರ ಯಾವ ಪಕ್ಷದ್ದು ಅನ್ನೋದು ಮುಖ್ಯ, ಅದನ್ನು ಬಿಡಿ ಅಂತ ನಾನು ಹೇಳ್ತಿಲ್ಲ. ಆದರೆ ಮುಖ್ಯಮಂತ್ರಿ ಬದಲಾದರೂ, ಪಕ್ಷ ಒಡೆದರೂ ನಮ್ಮ ಹೆಸರಿನಲ್ಲಿ ವಿಧಾನಸೌಧದಲ್ಲಿ ಕೂರೋರು ಕ್ಷೇತ್ರದ ಶಾಸಕರು. ಆ ವ್ಯಕ್ತಿ ಯಾರು ಅನ್ನೋದನ್ನ ಮಾತ್ರ ನಾವೇ ತೀರ್ಮಾನಿಸ್ತೀವಿ.

ಮೊದಲು ನಿಮ್ಮ ಕ್ಷೇತ್ರ ಯಾವುದು ನೋಡ್ಕೊಳ್ಳಿ

ನಮ್ಮ ಭಾಗದಲ್ಲಿ ಇದು ಅಂದುಕೊಂಡಷ್ಟು ಸುಲಭ ಇಲ್ಲ. ಹಳೇ ಪಾಲಿಕೆಯ 181ನೇ ವಾರ್ಡಾಗಿದ್ದ ಕುಮಾರಸ್ವಾಮಿ ಲೇಔಟ್ ಬರೋದು ಪದ್ಮನಾಭನಗರ ವಿಧಾನಸಭಾ ಕ್ಷೇತ್ರಕ್ಕೆ. ಕನಕಪುರ ರಸ್ತೆ ದಾಟಿ ಸಾರಕ್ಕಿ, ಜೆ.ಪಿ. ನಗರದ ಕಡೆ ಹೋದರೆ ಅದು ಜಯನಗರ ಕ್ಷೇತ್ರ. ಯಲಚೇನಹಳ್ಳಿ ವಾರ್ಡ್ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು.

"ಬೆಂಗಳೂರು ದಕ್ಷಿಣ" ಅನ್ನೋ ಹೆಸರೇ ಗೊಂದಲ. ನಾವು ಎಂಪಿ ಆರಿಸೋದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ. ಆದರೆ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಸೇರಿರೋದು ಬೆಂಗಳೂರು ಗ್ರಾಮಾಂತರ ಲೋಕಸಭೆಗೆ! ಹಾಗಾಗಿ 2024ರಲ್ಲಿ ನಮ್ಮ ಮುಂದೆ ತೇಜಸ್ವಿ ಸೂರ್ಯ ಮತ್ತು ಸೌಮ್ಯಾ ರೆಡ್ಡಿ ಇದ್ದರೆ, ಯಲಚೇನಹಳ್ಳಿಯವರ ಮುಂದೆ ಡಾ. ಸಿ.ಎನ್. ಮಂಜುನಾಥ್ ಮತ್ತು ಡಿ.ಕೆ. ಸುರೇಶ್ ಇದ್ದರು. 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು, ಅದೇ ವರ್ಷ ಹುಟ್ಟಿದ ಐದು ಪಾಲಿಕೆಗಳಲ್ಲಿ ಒಂದಕ್ಕೂ ಅದೇ ಹೆಸರು. ಆದ್ದರಿಂದ ಬಡಾವಣೆಯ ಹೆಸರು ನಂಬಬೇಡಿ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಎದುರು ಏನಿದೆ ನೋಡಿ.

ಅಕ್ಕಪಕ್ಕದ ಎರಡು ಕ್ಷೇತ್ರ

2023ರಲ್ಲಿ ಪದ್ಮನಾಭನಗರದಲ್ಲಿ ಬಿಜೆಪಿಯ ಆರ್. ಅಶೋಕ ಕಾಂಗ್ರೆಸ್ಸಿನ ವಿ. ರಘುನಾಥ ನಾಯ್ಡು ಅವರನ್ನು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಅಶೋಕ 2008ರಲ್ಲಿ ಕ್ಷೇತ್ರ ಹುಟ್ಟಿದಾಗಿನಿಂದ ಇಲ್ಲಿನ ಶಾಸಕರು, 2012–13ರಲ್ಲಿ ಉಪಮುಖ್ಯಮಂತ್ರಿ ಆಗಿದ್ದವರು, 2023ರ ನವೆಂಬರ್‌ನಲ್ಲಿ ವಿರೋಧ ಪಕ್ಷದ ನಾಯಕರಾದವರು. ಅದೇ ಚುನಾವಣೆಯಲ್ಲಿ ಅವರು ಕನಕಪುರದಲ್ಲೂ ನಿಂತಿದ್ದರು. ಅಲ್ಲಿ ಡಿ.ಕೆ. ಶಿವಕುಮಾರ್ 1,22,392 ಮತಗಳ ಅಂತರದಿಂದ ಗೆದ್ದರು. ಕಾನೂನು ಒಬ್ಬರಿಗೆ ಎರಡು ಕ್ಷೇತ್ರದವರೆಗೆ ಅವಕಾಶ ಕೊಡುತ್ತೆ, ಎರಡೂ ಗೆದ್ದರೆ ಒಂದನ್ನು ಬಿಡಲೇಬೇಕು, ಅಲ್ಲಿ ಉಪಚುನಾವಣೆ ಆಗುತ್ತೆ. ಯಾವ ಪಕ್ಷದವರೇ ಇರಲಿ, ಎರಡು ಕಡೆ ನಿಂತವರಿಗೆ "ಎರಡೂ ಗೆದ್ರೆ ಯಾವುದು ಬಿಡ್ತೀರಿ?" ಅಂತ ಕೇಳೋದು ನಮ್ಮ ಹಕ್ಕು.

ರಸ್ತೆಯಾಚೆ ಜಯನಗರದ ಕಥೆಯೇ ಬೇರೆ. 2018ರಲ್ಲಿ ಬಿಜೆಪಿ ಶಾಸಕ ಬಿ.ಎನ್. ವಿಜಯಕುಮಾರ್ ತೀರಿಕೊಂಡದ್ದರಿಂದ ಮತದಾನ ಮುಂದೆ ಹೋಗಿ, ಜೂನ್ 11ರಂದು ನಡೆದು, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ 2,889 ಮತಗಳಿಂದ ಗೆದ್ದರು. 2023ರಲ್ಲಿ ಅವರ ಎದುರಾಳಿ ಬಿಜೆಪಿಯ ಸಿ.ಕೆ. ರಾಮಮೂರ್ತಿ, ಮಾಜಿ ಪಾಲಿಕೆ ಸದಸ್ಯರು. ತಿರಸ್ಕೃತ ಅಂಚೆ ಮತಗಳ ಬಗ್ಗೆ ತಕರಾರು, ಮರು ಎಣಿಕೆ ಎಲ್ಲ ಆಗಿ ತಡರಾತ್ರಿ ಬಂದ ಲೆಕ್ಕ ಇದು: ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಅಂತರ 16. ನೋಟಾಗೆ ಬಿದ್ದ ಮತ ಇದಕ್ಕಿಂತ ಬಹಳ ಹೆಚ್ಚು. ಸೌಮ್ಯಾ ರೆಡ್ಡಿಯವರ ಹೆಸರನ್ನೇ ಹೋಲುವ ಪಕ್ಷೇತರ ಅಭ್ಯರ್ಥಿಯೊಬ್ಬರಿಗೆ ಬಿದ್ದದ್ದೂ ಹದಿನಾರಕ್ಕಿಂತ ಹೆಚ್ಚು. ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಇರುತ್ತೆ, ಬಟನ್ ಒತ್ತುವ ಮೊದಲು ಹೆಸರಿನ ಜೊತೆ ಫೋಟೋ, ಚಿಹ್ನೆ ಎರಡನ್ನೂ ನೋಡಬೇಕು ಅನ್ನೋದು ಇದಕ್ಕೇ.

ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ.

ಮರುವರ್ಷ ಲೋಕಸಭೆಗೆ ಅದೇ ಸೌಮ್ಯಾ ರೆಡ್ಡಿ ನಿಂತಾಗ, ಎಂಟು ವಿಧಾನಸಭಾ ಕ್ಷೇತ್ರ ಸೇರಿದ ಬೆಂಗಳೂರು ದಕ್ಷಿಣದಲ್ಲಿ ತೇಜಸ್ವಿ ಸೂರ್ಯ 2,77,083 ಮತಗಳಿಂದ ಗೆದ್ದರು. ಆ ಎಂಟರಲ್ಲಿ ಮೂರು ಕಡೆ ಹಿಂದಿನ ವರ್ಷ ಗೆದ್ದಿದ್ದು ಕಾಂಗ್ರೆಸ್. ಅಂದರೆ ನಮ್ಮ ಜನ ಯಾವ ಮನೆಗೆ ಯಾರು ಅಂತ ಬೇರೆ ಬೇರೆ ಅಳತೆಯಲ್ಲಿ ತೂಗ್ತಾರೆ. ಆ ಅಳತೆಗೆ ಇನ್ನಷ್ಟು ದಾಖಲೆ ಸೇರಿಸಿದರೆ ಒಳ್ಳೇದಲ್ವಾ?

ಅಫಿಡವಿಟ್ ಓದೋದು ಹೇಗೆ?

ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರಕ್ಕೆ ನಮೂನೆ 26 ಅಂತ ಹೆಸರು. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದಾಗಿ ಇದು ನಮಗೆ ಸಿಗ್ತಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಪೂರ್ತಿ ಪ್ರತಿ ಇರುತ್ತೆ, ಮೈನೇತಾ ತಾಣದಲ್ಲಿ ಸಾರಾಂಶ ಸಿಗುತ್ತೆ. ನಾನು ನೋಡೋದು ನಾಲ್ಕು ಜಾಗ.

ಒಂದು, ಪ್ರಕರಣಗಳು. "ಇವರ ಮೇಲೆ ಇಷ್ಟು ಕೇಸು" ಅಂತ ಸಂಖ್ಯೆ ಎಣಿಸಿದರೆ ಸಾಲದು. ಬರೀ ಎಫ್‌ಐಆರ್ ಆಗಿದೆಯಾ, ಕೋರ್ಟು ಆರೋಪ ಹೊರಿಸಿದೆಯಾ, ಶಿಕ್ಷೆ ಆಗಿದೆಯಾ ಅನ್ನೋದು ಮೂರು ಬೇರೆ ವಿಷಯ. ಪ್ರತಿಭಟನೆ ಮಾಡಿದ ಕೇಸೂ, ಹಲ್ಲೆ ಅಥವಾ ವಂಚನೆಯ ಕೇಸೂ ಒಂದೇ ತೂಕದವಲ್ಲ. ಪ್ರಕರಣ ಇರುವವರು ಅದನ್ನು ಮೂರು ಸಲ ಪತ್ರಿಕೆ ಮತ್ತು ಟಿವಿಯಲ್ಲಿ ಪ್ರಕಟಿಸಬೇಕು. 2020ರ ತೀರ್ಪಿನ ನಂತರ ಅಂಥವರಿಗೆ ಟಿಕೆಟ್ ಯಾಕೆ ಕೊಟ್ಟೆವು ಅಂತ ಪಕ್ಷವೂ ಕಾರಣ ಪ್ರಕಟಿಸಬೇಕು. "ಗೆಲ್ತಾರೆ" ಅನ್ನೋದಷ್ಟೇ ಕಾರಣ ಆಗೋ ಹಾಗಿಲ್ಲ.

ಎರಡು, ಆಸ್ತಿ ಮತ್ತು ಆದಾಯ. ಐದು ವರ್ಷದ ಆದಾಯದ ವಿವರ ಇರುತ್ತೆ, ಗಂಡ ಅಥವಾ ಹೆಂಡತಿಯದ್ದೂ, ಅವಲಂಬಿತರದ್ದೂ ಸೇರಿ. ಒಟ್ಟು ಮೊತ್ತಕ್ಕಿಂತ ಹಿಂದಿನ ಅಫಿಡವಿಟ್‌ನಿಂದ ಈಗಿನದಕ್ಕೆ ಆದ ಬದಲಾವಣೆ ಹೆಚ್ಚು ಮಾತಾಡುತ್ತೆ. ಹಳೇ ಸೈಟಿನ ಬೆಲೆ ಏರಿದ್ದಾ, ಹೊಸದಾಗಿ ಜಮೀನು ಕೊಂಡಿದ್ದಾ ನೋಡಿ. ಶ್ರೀಮಂತಿಕೆಯೊಂದರಿಂದಲೇ ಏನನ್ನೂ ತೀರ್ಮಾನಿಸೋಕೆ ಆಗಲ್ಲ: 2014ರಲ್ಲಿ ನಮ್ಮ ಲೋಕಸಭಾ ಕ್ಷೇತ್ರದಲ್ಲಿ ನಿಂತ ನಂದನ್ ನಿಲೇಕಣಿ ಪತ್ನಿಯದ್ದೂ ಸೇರಿ ಸುಮಾರು 7,700 ಕೋಟಿ ರೂಪಾಯಿ ಆಸ್ತಿ ಘೋಷಿಸಿದ್ದರು. ಮತದಾರರು 2,28,575 ಮತಗಳ ಅಂತರದಿಂದ ಅನಂತಕುಮಾರ್ ಅವರನ್ನು ಆರಿಸಿದರು.

ಮೂರು, ಸರ್ಕಾರಕ್ಕೆ ಬಾಕಿ. ಸರ್ಕಾರಿ ವಸತಿಯ ಬಾಡಿಗೆ, ನೀರು, ವಿದ್ಯುತ್, ತೆರಿಗೆ ಬಾಕಿ ಇದ್ದರೆ ಇಲ್ಲಿ ಬರೀಬೇಕು.

ನಾಲ್ಕು, ವೃತ್ತಿ ಮತ್ತು ಸರ್ಕಾರಿ ಗುತ್ತಿಗೆಗಳ ವಿವರ. ಕಾಮಗಾರಿ ಗುತ್ತಿಗೆ ಮಾಡುವವರು ಕಾಮಗಾರಿಗೆ ದುಡ್ಡು ಹಂಚುವ ಜಾಗಕ್ಕೆ ಹೋಗ್ತಿದ್ದಾರಾ ಅಂತ ಗೊತ್ತಾಗುತ್ತೆ.

ಇದೆಲ್ಲ ಅಭ್ಯರ್ಥಿಯೇ ಬರೆದುಕೊಟ್ಟದ್ದು ಅನ್ನೋದು ನೆನಪಿರಲಿ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇದೆ.

ಕೆಲಸ ಯಾರದ್ದು?

ನಮ್ಮ ಬಡಾವಣೆಯಲ್ಲಿ ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ಜನ ಕೇಳೋದು ಕಸ, ಬೀದಿದೀಪ, ಚರಂಡಿ, ಫುಟ್‌ಪಾತ್. ನಾನೂ ಕೇಳಿದ್ದೀನಿ. ಇವು ಪಾಲಿಕೆ ಸದಸ್ಯರ ಕೆಲಸ. ಆದರೆ ಬಿಬಿಎಂಪಿಗೆ ಕೊನೇ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಾಗಲೂ ಚುನಾಯಿತ ಸದಸ್ಯರಿರಲಿಲ್ಲ. ಐದು ವರ್ಷ ಕಸದಿಂದ ಕಾನೂನಿನವರೆಗೆ ಎಲ್ಲ ದೂರೂ ಶಾಸಕರ ಕಚೇರಿಗೇ ಹೋಯ್ತು.

ಇದರಿಂದ ಹೋಲಿಕೆಯೇ ಹಾಳಾಗುತ್ತೆ. ಶಾಸಕರ ಮುಖ್ಯ ಕೆಲಸ ಶಾಸನ ಮಾಡೋದು, ಬಜೆಟ್ ಒಪ್ಪೋದು ಅಥವಾ ತಿದ್ದೋದು, ಸರ್ಕಾರವನ್ನು ಪ್ರಶ್ನಿಸೋದು. ಜಲಮಂಡಳಿ, ಬೆಸ್ಕಾಂ, ಸರ್ಕಾರಿ ಶಾಲೆ, ಪೊಲೀಸ್ ಎಲ್ಲ ರಾಜ್ಯದ ಕೈಯಲ್ಲಿವೆ, ಅಲ್ಲಿ ಶಾಸಕರ ಮಾತು ನಡೆಯುತ್ತೆ. ಕ್ಷೇತ್ರಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತೆ. ನಗರದ ಒಂದು ಕ್ಷೇತ್ರಕ್ಕೆ ಅದು ಸಣ್ಣ ಮೊತ್ತ, ಆದರೆ ಎಲ್ಲಿ ಖರ್ಚಾಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಹಾಲಿ ಶಾಸಕರು, ಹೊಸಬರು ಎದುರಾದಾಗ ಇಬ್ಬರಿಗೂ ಒಂದೇ ಪ್ರಶ್ನೆ ಹಾಕೋಕೆ ಆಗಲ್ಲ. ಜಯನಗರದಲ್ಲಿ ಒಬ್ಬರದು ಐದು ವರ್ಷದ ಸದನದ ದಾಖಲೆ, ಇನ್ನೊಬ್ಬರದು ಪಾಲಿಕೆಯ ದಾಖಲೆ ಇತ್ತು. ಹಾಲಿ ಶಾಸಕರಿಗೆ ಸದನದಲ್ಲಿ ಏನು ಕೇಳಿದಿರಿ, ನಿಧಿ ಎಲ್ಲಿ ಹಾಕಿದಿರಿ ಅಂತ ಕೇಳಿ. ಮಾಜಿ ಪಾಲಿಕೆ ಸದಸ್ಯರಿಗೆ ವಾರ್ಡಿನಲ್ಲಿ ಶುರುಮಾಡಿದ್ದು ಮುಗೀತಾ ಅಂತ ಕೇಳಿ. ಪೂರ್ತಿ ಹೊಸಬರಿಗೆ ರಾಜಕೀಯದ ಹೊರಗೆ ಮಾಡಿದ ಕೆಲಸದ ಬಗ್ಗೆ ಕೇಳಿ. ಮೂವರಿಗೂ ಕೇಳಬೇಕಾದ್ದು ಒಂದಿದೆ: ಪಾಲಿಕೆ ಚುನಾವಣೆ ಸಮಯಕ್ಕೆ ಸರಿಯಾಗಿ ನಡೆಸೋಕೆ ನೀವು ದನಿ ಎತ್ತುತ್ತೀರಾ? ಪಾಲಿಕೆ ಸದಸ್ಯರಿಲ್ಲದಿದ್ದರೆ ವಾರ್ಡಿನ ಅಧಿಕಾರ ಶಾಸಕರ ಸುತ್ತ ಸೇರುತ್ತೆ. ಹಾಗಾಗಿ ಈ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಗಮನವಿಟ್ಟು ಕೇಳ್ತೀನಿ.

ಒಂದು ಹಾಳೆ, ಆರು ಸಾಲು

ನಾನು ಮಾಡ್ಕೊಳ್ಳೋ ಪಟ್ಟಿ ಇಷ್ಟು. ಪ್ರತಿ ಅಭ್ಯರ್ಥಿಗೂ ಒಂದು ಕಂಬಸಾಲು, ಅದರಲ್ಲಿ ಆರು ಸಾಲು: ಪ್ರಕರಣ ಯಾವ ಹಂತದಲ್ಲಿದೆ, ಆಸ್ತಿ ಎಷ್ಟು ಬದಲಾಗಿದೆ, ಯಾಕೆ, ಹಿಂದಿನ ಹುದ್ದೆಯ ಕೆಲಸ, ಪಕ್ಷ ಬದಲಿಸಿದ ಇತಿಹಾಸ, ಎಷ್ಟು ಕ್ಷೇತ್ರದಲ್ಲಿ ನಿಂತಿದ್ದಾರೆ, ಪಾಲಿಕೆ ಚುನಾವಣೆ ಬಗ್ಗೆ ನಿಲುವು. ಅಂಕ ಕೊಡಲ್ಲ. ಯಾವ ಸಾಲು ನಿಮಗೆ ಮುಖ್ಯ ಅನ್ನೋದು ನಿಮಗೆ ಬಿಟ್ಟಿದ್ದು. ಪಕ್ಷವೇ ಮುಖ್ಯ ಅನ್ನುವವರೂ ತಮ್ಮ ಪಕ್ಷದ ಅಭ್ಯರ್ಥಿಯ ಹಾಳೆ ಓದಿರಲಿ, ಗೆದ್ದ ಮೇಲೆ ಕೇಳೋಕೆ ಅದೇ ಆಧಾರ.

ಪಟ್ಟಿಗಿಂತ ಮೊದಲು ಇನ್ನೊಂದು ಕೆಲಸ ಇದೆ. ದಯಾನಂದ ಸಾಗರ್ ಕಾಲೇಜಿನ ಸುತ್ತ ಬಾಡಿಗೆಗಿರುವ ವಿದ್ಯಾರ್ಥಿಗಳು, ಪದೇಪದೇ ಮನೆ ಬದಲಿಸುವ ಕುಟುಂಬಗಳು ನಮ್ಮಲ್ಲಿ ಬಹಳ. ಹೊಸದಾಗಿ ಹೆಸರು ಸೇರಿಸೋಕೆ ನಮೂನೆ 6, ವಿಳಾಸ ಬದಲಾಗಿದ್ದರೆ ನಮೂನೆ 8. ಹದಿನೆಂಟು ತುಂಬಿದವರು ಈಗ ಜನವರಿವರೆಗೆ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಕನಕಪುರ ರಸ್ತೆಯ ಆಚೆ ಬದಿಯಲ್ಲಿ ಶಾಸಕರನ್ನು ತೀರ್ಮಾನಿಸಿದ 16 ಮತ ಅಂದರೆ ನಾಲ್ಕೈದು ಮನೆಯವರ ಮತ. ನಿಮ್ಮ ಮನೆಯವರ ಹೆಸರು ಪಟ್ಟಿಯಲ್ಲಿದೆಯಾ ಅಂತ ಈ ವಾರವೇ ನೋಡಿಬಿಡಿ.