ಮೆಲ್ಬರ್ನ್ ಬಾಗಿಲಲ್ಲಿ ಚನ್ನಪಟ್ಟಣದ ಬೊಂಬೆ

ಕಳೆದ ವರ್ಷ ರಜೆಗೆ ಊರಿಗೆ ಹೋದವನು ಅಲ್ಲಿಂದ ತಂಗಿಯ ಮನೆಗೆಂದು ಮೆಲ್ಬರ್ನ್‌ಗೆ ಹೊರಟೆ. ಅವಳ ಮಗನಿಗೆ ಚನ್ನಪಟ್ಟಣದ ಬೊಂಬೆಗಳನ್ನು ಒಯ್ದಿದ್ದೆ. ಮರದ ಸಾಮಾನಿದ್ದರೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಫಾರಂನಲ್ಲಿ ಬರೆದು ತೋರಿಸಲೇಬೇಕು. ಅಧಿಕಾರಿ ಒಂದೊಂದನ್ನೂ ತಿರುಗಿಸಿ, ಹುಳು ಕೊರೆದ ತೂತಿದೆಯೇ, ತೊಗಟೆ ಉಳಿದಿದೆಯೇ ಎಂದು ನೋಡಿ ವಾಪಸ್ ಕೊಟ್ಟರು. ಐದು ನಿಮಿಷದ ಕೆಲಸ. ಆಸ್ಪತ್ರೆಯಲ್ಲಿ ದಿನವಿಡೀ ಔಷಧದ ಬ್ಯಾಚ್ ನಂಬರ್, ಅವಧಿ ನೋಡುವ ನನಗೆ ಇದರಿಂದ ಬೇಸರವೇನೂ ಆಗಲಿಲ್ಲ. ಆದರೆ ಬೊಂಬೆ ಮಾಡಿದವರೇ ಇದನ್ನು ಇಲ್ಲಿಗೆ ಕಳಿಸಿ ಮಾರಬೇಕೆಂದರೆ ಏನೇನು ದಾಟಬೇಕು ಎಂಬ ಯೋಚನೆ ತಲೆಗೆ ಹೊಕ್ಕಿತು. ಆಮೇಲೆ ಓದಿ ತಿಳಿದದ್ದು ಇದು.

ಆಸ್ಟ್ರೇಲಿಯಾಕ್ಕೆ ನಮ್ಮವರ ಸಣ್ಣ ವ್ಯಾಪಾರ ಹೊಸದಲ್ಲ. 1890ರ ಹೊತ್ತಿಗೇ ಮೆಲ್ಬರ್ನ್ ಇರುವ ವಿಕ್ಟೋರಿಯಾದ ಹಳ್ಳಿಗಳಲ್ಲಿ ಭಾರತದ ವ್ಯಾಪಾರಿಗಳು, ಹೆಚ್ಚಾಗಿ ಪಂಜಾಬಿನವರು, ಬಟ್ಟೆ, ಸೂಜಿ, ದಾರದ ಗಂಟು ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಸ್ವಲ್ಪ ಕಾಸು ಕೂಡಿದವರು ಕುದುರೆ ಗಾಡಿ ಇಟ್ಟರು. ಊರಿಂದ ದೂರವಿದ್ದ ಹೊಲಮನೆಗಳ ಹೆಂಗಸರಿಗೆ ಇವರೇ ಅಂಗಡಿ. 1901ರಲ್ಲಿ ಆ ದೇಶದ ಮೊದಲ ಸಂಸತ್ತು ಮೆಲ್ಬರ್ನ್‌ನಲ್ಲೇ ಕೂತು ವಲಸೆ ತಡೆಯುವ ಕಾನೂನು ಮಾಡಿತು. ಬಂದಿಳಿದವನಿಗೆ ಅಧಿಕಾರಿ ಯಾವುದಾದರೂ ಯುರೋಪಿನ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು. ಭಾಷೆ ಯಾವುದು ಎಂಬುದು ಅಧಿಕಾರಿಯ ಇಷ್ಟ. ಪಾಸಾಗಬಾರದೆಂದೇ ಮಾಡಿದ ಪರೀಕ್ಷೆ ಅದು. 1904ರಲ್ಲಿ ಭಾರತದ ವರ್ತಕರು, ವಿದ್ಯಾರ್ಥಿಗಳು, ಪ್ರವಾಸಿಗಳು ಪಾಸ್‌ಪೋರ್ಟ್ ತೋರಿಸಿ ಒಂದು ವರ್ಷದ ಮಟ್ಟಿಗೆ ಬರಬಹುದೆಂದು ಸ್ವಲ್ಪ ಸಡಿಲ ಮಾಡಿದರು. ಪಾಸ್‌ಪೋರ್ಟ್ ಮಾಡಿಸಿಕೊಳ್ಳಬಲ್ಲ ವರ್ತಕನಿಗೆ ಅದು ಅನುಕೂಲವಾಯಿತು. ಗಂಟು ಹೊತ್ತವನಿಗೆ ಎಷ್ಟು ಅನುಕೂಲವಾಯಿತೋ ನೀವೇ ಊಹಿಸಿ.

ಮುಂದೆ 1964ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ಸೇರಿತು. ಬಡ ದೇಶಗಳ ಸರಕಿಗೆ ಶ್ರೀಮಂತ ದೇಶಗಳು ಸುಂಕ ಇಳಿಸಬೇಕೆಂದು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಷ್ ಅಲ್ಲಿ ಪಟ್ಟು ಹಿಡಿದರು. ದೊಡ್ಡ ದೇಶಗಳು ಇನ್ನೂ ಚರ್ಚೆ ಮಾಡುತ್ತಿರುವಾಗ ಮೊದಲು ಜಾರಿಗೆ ತಂದದ್ದು ಆಸ್ಟ್ರೇಲಿಯಾ. 1966ರ ಮಾರ್ಚ್‌ನಲ್ಲಿ ಅದಕ್ಕೆ ಗ್ಯಾಟ್ ಒಪ್ಪಂದದಡಿ ಅನುಮತಿ ಸಿಕ್ಕಿತು. ಅದೇ ತಿಂಗಳು ಬಿಳಿಯರಿಗಷ್ಟೇ ಎಂಬ ವಲಸೆ ನೀತಿಯೂ ಸಡಿಲವಾಯಿತು. ಸುಂಕ ಇಳಿಸಿದ ಪಟ್ಟಿ ದೊಡ್ಡದಿರಲಿಲ್ಲ, ಇಷ್ಟೇ ಸರಕು ಎಂಬ ಮಿತಿಯೂ ಇತ್ತು. ಆದರೆ ಕೈಕಸುಬಿನ ಕೆಲವು ವಸ್ತುಗಳಿಗೆ ಸುಂಕವೇ ಇಲ್ಲವೆಂದರು. ಇಡೀ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಈ ಒಂದು ಸಾಲು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಗರಿಯಿಂದ ಉಜ್ಜಿ ಹೊಳಪು ಕೊಡುವಂಥವರ ಕೆಲಸಕ್ಕೆ ಒಂದು ಸರ್ಕಾರ ಬೇರೆ ಲೆಕ್ಕ ಹಿಡಿದದ್ದು ಸಣ್ಣ ಮಾತಲ್ಲ.

ಆದರೆ ಸುಂಕ ಬಿಟ್ಟ ಮಾತ್ರಕ್ಕೆ ಸರಕು ತಾನಾಗಿ ನಡೆದು ಬರುವುದಿಲ್ಲ. ಕೈಯಲ್ಲಿ ಮಾಡಿದ್ದೆಂದು ತೋರಿಸಬೇಕು, ಎಲ್ಲಿ ಮಾಡಿದ್ದೆಂದು ತೋರಿಸಬೇಕು, ಹಡಗಿಗೆ ಹಾಕಬೇಕು, ಇತ್ತ ಕೊಳ್ಳುವವರು ಸಿಗಬೇಕು. ಮೆಲ್ಬರ್ನ್‌ನಲ್ಲಿ ಈ ಕೆಲಸಕ್ಕೆ ನಿಂತದ್ದು ಒಂದು ಸೇವಾಸಂಸ್ಥೆ. 1953ರಲ್ಲಿ ಜೆರಾರ್ಡ್ ಟಕರ್ ಎಂಬ ಪಾದ್ರಿ ಅದನ್ನು ಶುರುಮಾಡಿದಾಗ ವಾರವಾರವೂ ದೇಣಿಗೆ ಕೂಡಿಸಿ ಭಾರತದ ಒಂದು ಸಣ್ಣ ಆರೋಗ್ಯ ಯೋಜನೆಗೆ ಕಳಿಸುತ್ತಿದ್ದರು. 1962ರಲ್ಲಿ ಕಮ್ಯುನಿಟಿ ಏಡ್ ಅಬ್ರಾಡ್ ಎಂದು ಹೆಸರಾಯಿತು, ಈಗಿನ ಆಕ್ಸ್‌ಫ್ಯಾಮ್ ಆಸ್ಟ್ರೇಲಿಯಾ ಅದೇ. ಅರವತ್ತರ ದಶಕದಲ್ಲೇ ಅದು ಬಡ ದೇಶಗಳ ಕುಶಲಕರ್ಮಿಗಳಿಂದ ಸಾಮಾನು ತರಿಸಿ ಮಾರತೊಡಗಿತು. ದೇಣಿಗೆ ಕೊಡುವುದರಿಂದ ಕೊಂಡುಕೊಳ್ಳುವುದಕ್ಕೆ ಬಂದದ್ದು ದೊಡ್ಡ ಹೆಜ್ಜೆಯೆಂದೇ ನನ್ನ ಅಭಿಪ್ರಾಯ.

ಫಾರ್ಮಸಿಸ್ಟ್ ಆಗಿ ಸಿಡ್ನಿಯ ಒಂದು ಸಂಗತಿ ಹೇಳದಿದ್ದರೆ ತಪ್ಪಾದೀತು. ನಮ್ಮ ಪಕ್ಕದ ದೋಹಾದಲ್ಲಿ 2001ರ ನವೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ನಡೆಯಿತು. ಔಷಧ ಕಾರ್ಖಾನೆಯೇ ಇಲ್ಲದ ಬಡ ದೇಶಗಳು, ಪೇಟೆಂಟ್ ಇರುವ ಔಷಧವನ್ನು ಅಗ್ಗವಾಗಿ ತರಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅಲ್ಲಿ ಉಳಿದುಹೋಯಿತು. ಮರುವರ್ಷ ನವೆಂಬರ್‌ನಲ್ಲಿ ಸುಮಾರು 25 ದೇಶಗಳ ಮಂತ್ರಿಗಳು ಸಿಡ್ನಿಯಲ್ಲಿ ಸೇರಿ ಅದನ್ನು ಮುಂದಕ್ಕೆ ತಳ್ಳಿದರು. ತೀರ್ಮಾನವಾದದ್ದು 2003ರ ಆಗಸ್ಟ್ 30ರಂದು. ಅಲ್ಲಿಯೂ ಅನುಮತಿ ಸಿಕ್ಕಿತು, ಜೊತೆಗೆ ಕಾಗದದ ಕಂತೆಯೂ ಬಂತು.

ಅದೇ ದೋಹಾ ಮಾತುಕತೆಯಿಂದ ಹುಟ್ಟಿದ ಇನ್ನೊಂದು ಒಪ್ಪಂದ 2017ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಕಸ್ಟಮ್ಸ್ ನಿಯಮಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು, ಸರಕು ಬರುವ ಮೊದಲೇ ಕಾಗದ ನೋಡಿಟ್ಟುಕೊಳ್ಳಬೇಕು, ಹತ್ತು ಕಚೇರಿ ಅಲೆಸದೆ ಒಂದೇ ಕಿಟಕಿಯಲ್ಲಿ ಮುಗಿಸಬೇಕು, ಇಂಥವು ಅದರಲ್ಲಿವೆ. 2022ರ ಡಿಸೆಂಬರ್ 29ರಿಂದ ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದವೂ ಬಂದಿದೆ. ಅದಕ್ಕೂ ಮೊದಲೇ ಅಲ್ಲಿ ಹೆಚ್ಚಿನ ಸರಕಿಗೆ ಸುಂಕ ಶೇ. 5ಕ್ಕಿಂತ ಹೆಚ್ಚಿರಲಿಲ್ಲ. ಹಾಗಾಗಿ ಬೊಂಬೆಯವರಿಗೆ ಈಗ ಸುಂಕಕ್ಕಿಂತ ಭಾರವಾದದ್ದು ಸಾಗಣೆ ಮತ್ತು ಕಾಗದ. ಸಾವಿರ ಬೊಂಬೆಗೂ ಹತ್ತು ಬೊಂಬೆಗೂ ಪ್ರಮಾಣಪತ್ರ ಒಂದೇ, ಅಲೆದಾಟವೂ ಒಂದೇ.

ನಾವು ಗಲ್ಫಿನಲ್ಲಿ ಮನೆಗೆ ಪೆಟ್ಟಿಗೆ ಕಳಿಸುವಾಗ ಕಾರ್ಗೋ ಅಂಗಡಿಯವನು ನೂರು ಜನರ ಸಾಮಾನು ಒಟ್ಟುಮಾಡಿ, ಕಾಗದವೆಲ್ಲ ತಾನೇ ಮಾಡಿ ಕಳಿಸುತ್ತಾನಲ್ಲ, ಚನ್ನಪಟ್ಟಣದಿಂದ ಮೆಲ್ಬರ್ನ್‌ಗೆ ಬೇಕಾದದ್ದು ಅಂಥವನೇ. ನಾನು ಮರಳಿದ ಮೇಲೆ ತಂಗಿ ನೆರೆಯ ಮಕ್ಕಳಿಗೆಂದು ಇನ್ನೂ ಆರು ಬೊಂಬೆ ತರಿಸಲು ಹೊರಟಳು. ಅಂಚೆ ಖರ್ಚು ಬೊಂಬೆಯ ಬೆಲೆಗಿಂತ ಹೆಚ್ಚೆಂದು ಗೊತ್ತಾಯಿತು. "ಅಣ್ಣ, ಮುಂದಿನ ಸಲ ನೀನೇ ತಂದುಬಿಡು" ಎಂದಳು. ಗಂಟು ಹೊರುವ ಸರದಿ ಈಗ ನನ್ನದು.